ಸಹಿ ಬೀಳದ ದಿನಚರಿ

ನಮ್ಮ ಮಧುಗಿರಿಯಲ್ಲಿ ಮಳೆಗೆ ಬರ ಬಂದೀತು, ಕೆರೆಗೆ ಬರ ಬಂದೀತು, ಜನವರಿ ತಿಂಗಳಲ್ಲಿ ಡೈರಿಗೆ ಮಾತ್ರ ಬರವಿಲ್ಲ. ಗೊಬ್ಬರದ ಅಂಗಡಿಯವರು ಕೊಟ್ಟದ್ದೊಂದು, ಎಲ್‌ಐಸಿ ಏಜೆಂಟರು ಕೈಗಿಟ್ಟದ್ದೊಂದು, ಸಹಕಾರ ಸಂಘದ್ದೊಂದು, ಔಷಧಿ ಅಂಗಡಿಯಲ್ಲಿ ಬಿ.ಪಿ. ಮಾತ್ರೆಯ ಜೊತೆಗೆ ಬಂದದ್ದೊಂದು. ಗೇಣು ಜಮೀನಿಲ್ಲದವರ ಮನೆಯಲ್ಲೂ ಯೂರಿಯಾ ಚೀಲದ ಚಿತ್ರವಿರುವ ಡೈರಿ ಟೀವಿಯ ಮೇಲೆ ಕುಳಿತಿರುತ್ತದೆ. ಒಂದನೇ ತಾರೀಖಿನ ಪುಟ ಎಲ್ಲರದ್ದೂ ತುಂಬಿರುತ್ತದೆ. ‘ಇಂದು ಬೆಳಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಮಲ್ಲೇಶ್ವರಸ್ವಾಮಿಯ ದರ್ಶನ ಪಡೆದು ಬಂದೆನು.’ ಸಂಕ್ರಾಂತಿಯ ಹೊತ್ತಿಗೆ ಪುಟಕ್ಕೆರಡು ಸಾಲು. ದಂಡಿನ ಮಾರಮ್ಮನ ಜಾತ್ರೆ ಬರುವಷ್ಟರಲ್ಲಿ ಹಾಲಿನ ಲೆಕ್ಕ, ಚೀಟಿ ದುಡ್ಡಿನ ಕಂತು, ಮೋಟರು ರಿಪೇರಿಯವನ ನಂಬರು. ಅಲ್ಲಿಂದಾಚೆಗೆ ಡೈರಿ ಮೊಮ್ಮಕ್ಕಳ ಸ್ವತ್ತು. ಅವರು ಅದರಲ್ಲಿ ಬಸ್ಸಿನ ಚಿತ್ರ ಬರೆಯುತ್ತಾರೆ. ಡ್ರೈವರ್ ಇರುವುದಿಲ್ಲ, ಹಾರನ್ ಮಾತ್ರ ಇರುತ್ತದೆ.

ಈ ಸಲ ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಂಗಿಯ ಮಗಳು ಬೇರೆ ಜಾತಿಯ ಡೈರಿಯೊಂದನ್ನು ತಂದಳು. ಅದಕ್ಕೆ ಪುಟ್ಟ ಬೀಗ, ಬೀಗಕ್ಕೆ ಕೀಲಿಕೈ. ಪ್ರತಿ ಪುಟದ ನೆತ್ತಿಯ ಮೇಲೆ ಒಂದು ಪ್ರಶ್ನೆ, ಪರೀಕ್ಷೆಯ ಪತ್ರಿಕೆಯ ಹಾಗೆ. ಇಂದು ನೀವು ಯಾರಿಗೆ ಕೃತಜ್ಞರು? ನಿಮ್ಮ ಭಯಗಳೇನು? ನಿಮ್ಮೊಳಗಿನ ಮಗುವಿಗೆ ಒಂದು ಪತ್ರ ಬರೆಯಿರಿ.

“ಜರ್ನಲಿಂಗ್ ಶುರು ಮಾಡಿ ಮಾವ. ನಿಮ್ಮನ್ನ ನೀವು ಕಂಡ್ಕೊಳ್ತೀರ” ಅಂದಳು.

“ನಾನೇನು ಕಳೆದುಹೋಗಿಲ್ವಲ್ಲಮ್ಮ” ಅಂದೆ.

“ಮೊದ್ಲು ಕನ್ನಡಕ ಕಂಡ್ಕೊಳ್ಳಲಿ. ಬೆಳಗ್ಗೆಯಿಂದ ಹುಡುಕ್ತಾ ಅವ್ರೆ” ಎಂದು ಅಡುಗೆಮನೆಯಿಂದ ನಮ್ಮಾಕೆಯ ಧ್ವನಿ ಬಂತು.

ಒಳಗಿನ ಮಗುವಿನ ವಿಷಯ ನನ್ನನ್ನು ಸ್ವಲ್ಪ ಕಾಡಿತು. ನಾವು ಹುಡುಗರಾಗಿದ್ದಾಗ ಹೊರಗಿನ ಮಗುವನ್ನೇ ಯಾರೂ ಮಾತಾಡಿಸುತ್ತಿರಲಿಲ್ಲ. ನೆಂಟರು ಬಂದಾಗ ಮುಂದೆ ನಿಲ್ಲಿಸಿ “ಮಗ್ಗಿ ಹೇಳ್ಲಾ” ಅನ್ನುತ್ತಿದ್ದರು, ಅಷ್ಟೇ ಸಂಭಾಷಣೆ. ಅಂಥ ಮಗುವಿಗೆ ಇಷ್ಟು ವರ್ಷದ ಮೇಲೆ ದಿಢೀರನೆ ಪತ್ರ ಬರೆದರೆ ಅದು ಬೆಚ್ಚಿಬಿದ್ದು ಹದಿನೇಳರ ಮಗ್ಗಿ ಒಪ್ಪಿಸೀತು.

ಹಾಗೆ ನೋಡಿದರೆ ದಿನಚರಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ಮೇಷ್ಟ್ರು. ತುಮಕೂರು ಜಿಲ್ಲೆ ಕಂದಾಯ ಇಲಾಖೆಗೆ ಒಂದೇ ಆದರೂ ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯಲ್ಲಿ ಕಾಣಿಸಿಕೊಂಡು ಮಾರನೆಯ ದಿನ ಮಾಯವಾಗುವ ಜಿಲ್ಲೆ ಇದು. ಭೂಪಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಮಾಯಾ ಜಿಲ್ಲೆಯ ಗಡಿ ದಾಟದೆ ನನ್ನ ಸರ್ವೀಸು ಮುಗಿಯಿತು. ಅಷ್ಟು ಕಾಲವೂ ಬರೆದೆ. ಹಾಜರಿ ಪುಸ್ತಕ, ಪಾಠ ಟಿಪ್ಪಣಿ, ದಿನಚರಿ, ಚಲನವಲನ ವಹಿ, ರಜೆಯ ಪುಸ್ತಕ. ‘ಪದ್ಯ ಬೋಧಿಸಲಾಯಿತು. ಮಕ್ಕಳು ಆಸಕ್ತಿಯಿಂದ ಆಲಿಸಿದರು’ ಎಂದು ಸೋಮವಾರದ ಪಾಠದ ಬಗ್ಗೆ ಶನಿವಾರವೇ ಬರೆದಿಡುವ ದೂರದೃಷ್ಟಿ ನಮ್ಮ ಕುಲಕ್ಕಲ್ಲದೆ ಬೇರೆ ಯಾರಿಗಿದೆ? ಸಾಹೇಬರು ಬಂದು ಹಸಿರು ಶಾಯಿಯಲ್ಲಿ ಸಹಿ ಹಾಕಿದರೆ ಆ ವಾರ ನಾವು ಬದುಕಿದ್ದೆವೆಂದು ಸರ್ಕಾರ ಒಪ್ಪಿಕೊಂಡ ಹಾಗೆ.

ಆ ದಿನಚರಿಗಳಲ್ಲಿ ಒಂದಷ್ಟು ಇನ್ನೂ ಅಟ್ಟದ ಮೇಲಿವೆ. ಅಪ್ಪ ತೀರಿಕೊಂಡ ವಾರದ ಪುಟ ತೆಗೆದರೆ ಅಲ್ಲಿರುವುದು ‘ಸಾಂದರ್ಭಿಕ ರಜೆ’ ಎಂಬ ಎರಡು ಪದ. ಮತ್ತೆ ಶಾಲೆಗೆ ಹೋದ ದಿನದ ಬರಹ ಹೀಗಿದೆ: ‘ಸಂಧಿ ಪ್ರಕರಣ. ಲೋಪಸಂಧಿಯನ್ನು ಉದಾಹರಣೆಗಳೊಂದಿಗೆ ವಿವರಿಸಲಾಯಿತು. ಮಕ್ಕಳು ಆಸಕ್ತಿಯಿಂದ ಆಲಿಸಿದರು.’ ಕೆಳಗೆ ಸಹಿಯೂ ಬಿದ್ದಿದೆ.

ಇಂಥ ದಿನಚರಿಗೆ ನಮ್ಮ ಸೀಮೆಯಲ್ಲಿ ದೊಡ್ಡ ಪೂರ್ವಿಕನೊಬ್ಬನಿದ್ದಾನೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ಡಾಕ್ಟರು ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಮಧುಗಿರಿ, ಶಿರಾಗಳನ್ನೂ ನೋಡಿಕೊಂಡು ಹೋದ. ದಿನದಿನವೂ ತಾರೀಖು ಹಾಕಿ ಕೆರೆ, ರಾಗಿ, ದನ, ಕುರಿ, ನೇಯ್ಗೆ, ಕಬ್ಬಿಣದ ಕುಲುಮೆ, ಕಂದಾಯ ಎಲ್ಲವನ್ನೂ ಬರೆದ. 1807ರಲ್ಲಿ ಲಂಡನ್ನಿನಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಮುತ್ತಾತಂದಿರು ಏನು ಬಿತ್ತುತ್ತಿದ್ದರು, ಯಾವ ದನ ಸಾಕುತ್ತಿದ್ದರು ಎಂದು ತಿಳಿಯಲು ನಾವಿಂದು ಅವನ ಪುಸ್ತಕವನ್ನೇ ತೆಗೆಯಬೇಕು. ಆದರೆ ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ಕತ್ತಲಾದಾಗ ಅವನಿಗೆ ಮನೆಯ ನೆನಪು ಬಂತೇ? ಮುದ್ದೆ ಉಣ್ಣುವವರನ್ನು ನೋಡಿ ಹೊಟ್ಟೆಯೊಳಗೆ ಏನನ್ನಿಸಿತು? ಅಂಥದ್ದಕ್ಕೆ ಅವನು ಹೆಚ್ಚು ಜಾಗ ಕೊಡಲಿಲ್ಲ. ಪಾಪ, ಅವನಿಗೂ ಮೇಲೆ ಸಹಿ ಹಾಕುವವರಿದ್ದರು.

ಇಲಾಖೆಯ ಈ ದಿನಚರಿಯಲ್ಲದೆ ನನ್ನದೇ ಆದ ಖಾಸಗಿ ನೋಟ್‌ಬುಕ್ಕುಗಳೂ ಇವೆ. ಮೊದಲನೆಯದು ಕೊರಟಗೆರೆಯದು. ಹೊಸ ಕೆಲಸ, ಬಾಡಿಗೆ ರೂಮು, ತಲೆಯ ತುಂಬ ಕೂದಲು. ಕಿಟಕಿ ತೆರೆದರೆ ಬೆಟ್ಟ, ಭಾನುವಾರ ಬಂದರೆ ಸಿದ್ಧರ ಬೆಟ್ಟ. ಅಲ್ಲಿಯ ಗಿಡಮೂಲಿಕೆಗಳಲ್ಲಿ ಎಲ್ಲ ರೋಗಕ್ಕೂ ಮದ್ದಿದೆ ಎಂದು ಜನ ನಂಬುತ್ತಾರೆ. ನನಗಿದ್ದ ರೋಗ ಕವಿತೆ, ಅದಕ್ಕೆ ಮದ್ದಿರಲಿಲ್ಲ. ಆ ನೋಟ್‌ಬುಕ್ಕಿನ ಪುಟಪುಟದಲ್ಲೂ ಏಕಾಂತದ ಸ್ತುತಿ, ಮೌನದ ಮಹಿಮೆ, ಲೋಕದ ಸಹವಾಸದ ಬಗ್ಗೆ ಜಿಗುಪ್ಸೆ. ಬರೆದವನ ಹೆಸರು ಅಳಿಸಿದರೆ ಅದು ಯಾವ ಊರಿನ ಯಾವ ಬ್ರಹ್ಮಚಾರಿಯದ್ದು ಬೇಕಾದರೂ ಆದೀತು. ಜಯಮಂಗಲಿ ಎಂಬ ಹೊಳೆಯೊಂದು ಆ ಸೀಮೆಯಲ್ಲಿತ್ತೆಂಬ ಸುಳಿವೂ ಅದರಲ್ಲಿಲ್ಲ.

ಆದರೆ ಅದೇ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದರೆ ಖರ್ಚಿನ ಲೆಕ್ಕ. ತಟ್ಟೆ ಇಡ್ಲಿ, ಸೀಮೆಎಣ್ಣೆ, ಬ್ಲೇಡು, ಇನ್‌ಲ್ಯಾಂಡ್ ಕಾಗದ, ಇನ್‌ಲ್ಯಾಂಡ್ ಕಾಗದ, ಮತ್ತೆ ಇನ್‌ಲ್ಯಾಂಡ್ ಕಾಗದ. ಪ್ರತಿ ಶನಿವಾರ ಮಧುಗಿರಿಗೆ ಬಸ್ ಚಾರ್ಜು. ಮುಂದಿನಿಂದ ಓದಿದರೆ ಸನ್ಯಾಸಿ, ಹಿಂದಿನಿಂದ ಓದಿದರೆ ವಾರ ಮುಗಿಯುವುದನ್ನೇ ಕಾಯುತ್ತಿದ್ದ ತಾಯಿಯ ಮಗ. ಇವರಿಬ್ಬರೂ ನೋಟ್‌ಬುಕ್ಕಿನ ನಡುಪುಟದಲ್ಲಿ ಎಂದಾದರೂ ಮುಖಾಮುಖಿಯಾಗಿದ್ದರೆ ಒಬ್ಬ ಮನುಷ್ಯ ತಯಾರಾಗುತ್ತಿದ್ದನೇನೋ. ಆಗಲಿಲ್ಲ.

ತಂಗಿಯ ಮಗಳು ಹೋಗುವ ಮುಂಚೆ ಡೈರಿ ಬರೆಯುವುದಕ್ಕೂ ಒಂದು ಶಾಸ್ತ್ರವಿದೆ ಎಂದು ವಿವರಿಸಿದ್ದಳು. ಅಮೆರಿಕದ ಟೆಕ್ಸಾಸಿನಲ್ಲಿ ಜೇಮ್ಸ್ ಪೆನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು ಸ್ಯಾಂಡ್ರಾ ಬೀಲ್ ಜೊತೆ ನಡೆಸಿ 1986ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಕಾಲೇಜು ಹುಡುಗ ಹುಡುಗಿಯರನ್ನು ಕೂರಿಸಿ, ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಸಿದರು. ಒಂದು ಗುಂಪಿಗೆ ಯಾವುದಾದರೂ ಕ್ಷುಲ್ಲಕ ವಿಷಯ. ಮಿಕ್ಕವರಿಗೆ ಬದುಕಿನಲ್ಲಿ ಬಿದ್ದ ದೊಡ್ಡ ಪೆಟ್ಟು. ಆ ಮಿಕ್ಕವರಲ್ಲೂ ಮೂರು ಬಗೆ: ಏನಾಯಿತೆಂದು ಮಾತ್ರ ಬರೆಯುವವರು, ಏನನ್ನಿಸಿತೆಂದು ಮಾತ್ರ ಬರೆಯುವವರು, ಎರಡನ್ನೂ ಬರೆಯುವವರು. ಬರೆದ ದಿನ ಎರಡನ್ನೂ ಬರೆದವರ ಮನಸ್ಸು ಇನ್ನಷ್ಟು ಕೆಟ್ಟಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಲೇಜಿನ ಆಸ್ಪತ್ರೆಗೆ ಹೋದದ್ದು ಉಳಿದವರಿಗಿಂತ ಕಡಿಮೆಯಾಯಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಇಂಥ ಪ್ರಯೋಗಗಳು ಬೇಕಾದಷ್ಟು ನಡೆದಿವೆ. ಫಲ ಎಲ್ಲ ಕಡೆಯೂ ಒಂದೇ ರೀತಿ ಬಂದಿಲ್ಲ.

ಇದನ್ನು ಕೇಳಿದಾಗ ನನಗೆ ನನ್ನ ಅಟ್ಟ ಅರ್ಥವಾಯಿತು. ಶಾಲೆಯ ದಿನಚರಿಯಲ್ಲಿ ಆದದ್ದೆಲ್ಲ ಇದೆ, ಅನ್ನಿಸಿದ್ದು ಒಂದಕ್ಷರವಿಲ್ಲ. ಕೊರಟಗೆರೆಯ ನೋಟ್‌ಬುಕ್ಕಿನ ಮುಂಭಾಗದಲ್ಲಿ ಅನ್ನಿಸಿದ್ದೇ ಎಲ್ಲ, ಆದದ್ದು ಏನೂ ಇಲ್ಲ.

ಶಿರಾದ ನೋಟ್‌ಬುಕ್ಕು ಈ ಎರಡನೆಯ ರೋಗದ ಪರಾಕಾಷ್ಠೆ. ಶಿರಾ ಸಾಮಾನ್ಯ ಊರಲ್ಲ. ಮೊಗಲರ ಸುಬಾಕ್ಕೆ ರಾಜಧಾನಿಯಾಗಿ ಮೆರೆದದ್ದು. ಮಲಿಕ್ ರಿಹಾನನ ಗೋರಿಯ ಗುಮ್ಮಟದಲ್ಲಿ, ಜುಮ್ಮಾ ಮಸೀದಿಯ ಕಲ್ಲಿನಲ್ಲಿ ಆ ಗತ್ತು ಇನ್ನೂ ಇದೆ. ಆ ಗಾಳಿ ನನಗೂ ಸೋಕಿರಬೇಕು. ಅಲ್ಲಿದ್ದಾಗ ನನಗೆ ಸುಬೇದಾರರ ಮಟ್ಟದ ಸಿಟ್ಟು ಬರುತ್ತಿತ್ತು. ಒಂದು ದಿನದ ಪುಟದಲ್ಲಿ ಹೀಗಿದೆ: ‘ಇಂದು ಅವರು ನಡೆದುಕೊಂಡ ರೀತಿಯನ್ನು ಈ ಜನ್ಮದಲ್ಲಿ ಮರೆಯಲಾರೆ.’ ಪೆನ್ನು ಒತ್ತಿದ ರಭಸಕ್ಕೆ ಕಾಗದ ತೂತಾಗಿದೆ. ಮಾರನೆಯ ದಿನವೂ ಅದೇ, ಸ್ವಲ್ಪ ಚಿಕ್ಕ ಅಕ್ಷರದಲ್ಲಿ. ಮೂರನೆಯ ದಿನ ‘ಅವರನ್ನು ದೇವರೇ ನೋಡಿಕೊಳ್ಳಲಿ’ ಎಂದು ಕೇಸನ್ನು ಮೇಲಿನ ಕೋರ್ಟಿಗೆ ವರ್ಗಾಯಿಸಿದ್ದೇನೆ. ಆಮೇಲೆ ಸುದ್ದಿಯಿಲ್ಲ. ಯಾರ ಕೈಗಾದರೂ ಸಿಕ್ಕೀತೆಂಬ ಅಂಜಿಕೆಯಿಂದ ಹೆಸರು ಬರೆದಿಲ್ಲ, ಜಗಳದ ಕಾರಣವನ್ನೂ ಬರೆದಿಲ್ಲ. ಈಗ ಆ ‘ಅವರು’ ಯಾರೆಂದು ನನಗೇ ಗೊತ್ತಿಲ್ಲ. ಮುಖ್ಯೋಪಾಧ್ಯಾಯರೋ, ಮನೆ ಮಾಲೀಕರೋ, ಭಾವಮೈದುನನೋ. ಜನ್ಮ ಪೂರ್ತಿ ಮರೆಯಲಾರದ ಒಂದು ಸಿಟ್ಟು ವಿಳಾಸವಿಲ್ಲದೆ ನನ್ನ ಅಟ್ಟದಲ್ಲಿ ಬಿದ್ದಿದೆ. ತಲುಪಿಸಬೇಕೆಂದರೂ ತಲುಪಿಸುವ ಹಾಗಿಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಚಿ ಕಡತ ಮಾಡುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸುವುದು. ಹುಣಸೆಗೆ ನಮ್ಮ ಕಡೆ ಕೊರತೆಯೇ? ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟಿ ಸಂಸಾರ ಮಾಡಿಕೊಂಡು ಹೋಗುತ್ತವೆ. ಪಕ್ಷಿಗಳಿಗೆ ಅಷ್ಟು ಆದರ ತೋರಿಸುವ ಮರ ಮೇಷ್ಟ್ರ ಸಿಟ್ಟಿಗೆ ಒಂದು ಹಿಡಿ ಬೀಜ ಕೊಡುವುದಿಲ್ಲವೇ? ಸಿಟ್ಟಿನ ಡೈರಿಯನ್ನು ಮಾತ್ರ ಕಡತದ ಮೇಲೇ ಬರೆಯಬೇಕೆಂದು ಸರ್ಕಾರ ಆದೇಶ ಹೊರಡಿಸಿದರೆ ಊರಿಗೆ ಒಳ್ಳೆಯದು.

ಇನ್ನು ಪಾವಗಡ. ಮೂರು ಕಡೆ ಆಂಧ್ರ, ನಾಲ್ಕನೆಯ ಕಡೆ ನಾವು. ಅಲ್ಲಿಗೆ ವರ್ಗವಾದವರನ್ನು ಸಹೋದ್ಯೋಗಿಗಳು ಸಾವಿನ ಮನೆಯವರನ್ನು ಮಾತಾಡಿಸುವ ಧ್ವನಿಯಲ್ಲಿ ಮಾತಾಡಿಸುತ್ತಿದ್ದರು. ಶನಿಕಾಟ ಕಳೆಯಲೆಂದು ಜನ ಎಲ್ಲೆಲ್ಲಿಂದಲೋ ಬಸ್ಸು ಹಿಡಿದು ಪಾವಗಡದ ಶನಿಮಹಾತ್ಮನ ಗುಡಿಗೆ ಬರುತ್ತಾರೆ; ನನ್ನನ್ನು ಸರ್ಕಾರವೇ ಆದೇಶ ಕೊಟ್ಟು ಕಳಿಸಿತು. ಅಲ್ಲಿಯ ನೀರು ಫ್ಲೋರೈಡಿನದು, ಭಾಷೆ ಅರ್ಧ ತೆಲುಗು, ಬಿಸಿಲು ಪೂರ್ತಿ. ಪತ್ರಿಕೆ ಓದುವ ಮೇಷ್ಟ್ರಿಗೆ ಆಕಾಶದ ವಿಷಯವೂ ಗೊತ್ತಿರಬೇಕೆಂದು ಕಡ್ಲೆಕಾಯಿ ಬಿತ್ತಲು ಕಾಯುತ್ತಿದ್ದ ರೈತರು “ಏಂ ಸಾರ್, ವಾನ ವಸ್ತುಂದಾ?” ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ವಾನ ಎಂದರೆ ಮಳೆ. ಅದು ಬರುವುದೋ ಇಲ್ಲವೋ ಎಂಬುದು ಇಲಾಖೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. “ವಸ್ತುಂದಿ” ಅನ್ನುತ್ತಿದ್ದೆ. ಅದು ನಾನು ಕಲಿತ ಮೊದಲ ತೆಲುಗು.

ನಿವೃತ್ತನಾದ ಮೇಲೆ ಮದುವೆ ಮನೆಗಳಲ್ಲಿ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ನಾವು ಹಳೆಯ ಮೇಷ್ಟ್ರುಗಳು ಸೇರಿದರೆ ಪಾವಗಡದ ಕಷ್ಟವನ್ನು ಪಾಂಡವರ ವನವಾಸಕ್ಕಿಂತ ಒಂದು ಕೈ ಮೇಲೆಂಬಂತೆ ವರ್ಣಿಸುತ್ತೇವೆ. ನಮ್ಮಾಕೆ ಮಾತ್ರ “ಏನ್ ಕಷ್ಟಾನೋ ಕಾಣೆ. ಅಲ್ಲಿ ಚೆನ್ನಾಗೇ ಇದ್ವಿ” ಅನ್ನುತ್ತಾಳೆ. ಇಬ್ಬರಲ್ಲಿ ಯಾರು ಸರಿ ಎಂದು ನೋಡಲು ಪಾವಗಡದ ನೋಟ್‌ಬುಕ್ಕು ತೆಗೆದೆ. ದಿನವಿಡೀ ನೀರಿನ ಹಿಂದೆ ಓಡಿ, ರಾತ್ರಿ ಕವಿತೆ ಬರೆಯಲು ತ್ರಾಣವಿಲ್ಲದೆ, ಲೆಕ್ಕಕ್ಕೂ ಮನಸ್ಸಿಗೂ ಬೇರೆ ಬೇರೆ ಪುಟ ಮಾಡುವ ಶ್ರದ್ಧೆಯೂ ಇಲ್ಲದೆ ಗೀಚಿದ ಪುಸ್ತಕ ಅದು. ಒಂದು ದಿನದ್ದು ಹೀಗಿದೆ: ‘ಟ್ಯಾಂಕರು ಬರಲಿಲ್ಲ. ಪಕ್ಕದ ಮನೆಯವರು ಎರಡು ಕೊಡ ಕೊಟ್ಟರು. ಅವರಿಗೇ ಇರಲಿಲ್ಲ, ನಾಚಿಕೆಯಾಯಿತು. ರಾತ್ರಿ ಸೆಕೆಗೆ ಮಾಳಿಗೆ ಮೇಲೆ ಮಲಗಿದೆವು. ಆ ಮನೆಯ ಅಜ್ಜಿ ತೆಲುಗಿನಲ್ಲಿ ಕತೆ ಹೇಳಿದರು. ಅರ್ಧ ಅರ್ಥವಾಯಿತು, ಪೂರ್ತಿ ನಕ್ಕೆವು. ಈರುಳ್ಳಿ ತುಟ್ಟಿ.’ ಮತ್ತೊಂದು ದಿನ: ‘ಮೋಡ. ಮಳೆ ಇಲ್ಲ. ಹುಡುಗರು ಕ್ಲಾಸಿನಲ್ಲಿ ನನ್ನ ತೆಲುಗು ಅಣಕಿಸಿದರು. ಬಯ್ಯಬೇಕಿತ್ತು, ನಗು ಬಂತು.’ ಪುಟ ಮಗುಚಿದಂತೆ ನಗು ಬಂತು, ನಕ್ಕೆವು, ನಗಿಸಿದರು. ಮೂರು ತಾಲ್ಲೂಕಿನ ನೋಟ್‌ಬುಕ್ಕುಗಳಲ್ಲಿ ಮನುಷ್ಯರು ನಗುವುದು ಇದೊಂದರಲ್ಲೇ. ನನ್ನ ಕೈಬರಹವೇ ನಮ್ಮಾಕೆಯ ಪರ ಸಾಕ್ಷಿ ನುಡಿಯಿತು. ನೆನಪು ಕಷ್ಟವನ್ನು ಮಾತ್ರ ಆರಿಸಿ ಇಟ್ಟುಕೊಂಡಿತ್ತು. ಮದುವೆ ಮನೆಯಲ್ಲಿ ಹೇಳಲು ಅದೇ ತಾನೆ ಚೆಂದ.

ಆ ಕಡೆಯ ಎಷ್ಟೋ ಹೊಲಗಳಲ್ಲಿ ಈಗ ಕಡ್ಲೆಕಾಯಿ ಇಲ್ಲ. ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ 13,000 ಎಕರೆಯಲ್ಲಿ ಸೋಲಾರ್ ಫಲಕಗಳು. 2018ರಲ್ಲಿ ಶುರುವಾದ ಆ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಎಂದು ಶುರುವಾಯಿತು. ಇಷ್ಟು ಕಾಲ ಬೈಸಿಕೊಂಡ ಬಿಸಿಲೇ ಬೆಳೆಯಾಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜಮೀನು ಗುತ್ತಿಗೆಗೆ ಕೊಟ್ಟಿದ್ದಾನೆ. ಸಿಕ್ಕಿದಾಗ “ಮಳೆ ಬರಲ್ವಾ ಅಂತ ನೋಡೋದೇ ಮರೆತೋಯ್ತು ಸಾರ್. ಒಂಥರಾ ಬೇಜಾರು” ಅಂದ. ಅವನು ಡೈರಿ ಬರೆಯುವವನಲ್ಲ. ಬರೆದಿದ್ದರೆ ಗುತ್ತಿಗೆ ಹಣದ ಪಕ್ಕದಲ್ಲಿ ಆ ಬೇಜಾರೂ ಸೇರಿ ಒಳ್ಳೆಯ ಪುಟವಾಗುತ್ತಿತ್ತು.

ಬರೆಯದವರೂ ಬರೆಯುತ್ತಿದ್ದರು ಎನ್ನುವುದು ನನಗೆ ಅಮ್ಮ ಹೋದ ಮೇಲೆ ತಿಳಿಯಿತು. ಅಮ್ಮ ನಾಲ್ಕನೆಯ ಕ್ಲಾಸು. ಅವಳ ಡೈರಿ ಗೋಡೆಯ ಕ್ಯಾಲೆಂಡರು. ವರ್ಷ ಮುಗಿದರೂ ದೇವರ ಪಟವಿದೆಯೆಂದು ಎಸೆಯದೆ ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದಳು. ಬಿಚ್ಚಿ ನೋಡಿದರೆ ತಾರೀಖುಗಳ ಮೇಲೆ ಗೀಟು, ಚುಕ್ಕೆ, ಸೊನ್ನೆ. ಹಾಲಿಗೆ ಗೀಟು. ಎಮ್ಮೆಯ ವ್ಯವಹಾರಕ್ಕೆ ಚುಕ್ಕೆ. ಸೊನ್ನೆ ಅಪರೂಪ. ತಿಂಗಳಿಗೊಂದು, ಕೆಲವು ತಿಂಗಳು ಅದೂ ಇಲ್ಲ. ನನ್ನ ಪಾವಗಡದ ನೋಟ್‌ಬುಕ್ಕಿನೊಡನೆ ತಾಳೆ ನೋಡಿದೆ. ನಾನು ಊರಿಗೆ ಬಂದ ದಿನಗಳಿಗೆಲ್ಲ ಸೊನ್ನೆಯಿದೆ. ಎದೆ ತುಂಬಿ ಬಂದು ತಂಗಿಗೆ ಫೋನು ಮಾಡಿದೆ. “ಅಣ್ಣ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನಕ್ಕೂ ಅಮ್ಮ ಸೊನ್ನೇನೇ ಹಾಕ್ತಿದ್ದಳು” ಅಂದಳು ಅವಳು. ಖಾಲಿ ಸಿಲಿಂಡರು ಬದಲಾಯಿಸಿ ಕೊಡಲಿ ಎಂದು ಅಮ್ಮ ನಾನು ಬರುವ ದಿನವನ್ನೇ ಕಾಯುತ್ತಿದ್ದಳೋ, ನನಗಾಗಿಯೇ ಕಾಯುತ್ತಿದ್ದಳೋ ಹೇಳುವುದು ಹೇಗೆ? ಸೊನ್ನೆಯ ಪಕ್ಕದಲ್ಲಿ ಒಂದೇ ಒಂದು ಪದ ಇದ್ದಿದ್ದರೆ ಸಾಕಿತ್ತು. ಈಗ ಅನುಕೂಲವಾದ ಅರ್ಥ ಇಟ್ಟುಕೊಂಡಿದ್ದೇನೆ. ಸಿಲಿಂಡರಿಗೆ ಅದರಿಂದ ನಷ್ಟವಿಲ್ಲ.

ಈಗ ಮಧುಗಿರಿಯ ಮನೆಯಲ್ಲಿ ದಿನಾ ರಾತ್ರಿ ಬರೆಯುತ್ತೇನೆ. ಬೀಗದ ಡೈರಿಯ ಕೀಲಿಕೈ ಮೊದಲ ವಾರವೇ ಕಳೆದುಹೋದ್ದರಿಂದ ಅದನ್ನು ಮುಚ್ಚುವ ಪ್ರಶ್ನೆಯಿಲ್ಲ. ಮುಚ್ಚಿಡುವ ಪ್ರಶ್ನೆ ನಮ್ಮಂಥ ಮನೆಗಳಲ್ಲಿ ಮೊದಲೇ ಇಲ್ಲ. ನಮ್ಮಾಕೆ ಮಧ್ಯಾಹ್ನ ಅದನ್ನು ಓದುತ್ತಾಳೆ. ಓದಿ ಸುಮ್ಮನಿರುವುದಿಲ್ಲ, ತಿದ್ದುತ್ತಾಳೆ. ‘ಸಂತೆಯಲ್ಲಿ ಬದನೆಕಾಯಿ 40 ರೂಪಾಯಿ. ಮೊಣಕಾಲು ನೋವು. ಬದುಕು ಸಾಕೆನ್ನಿಸಿತು’ ಎಂದು ನಾನು ಬರೆದಿದ್ದರೆ 40 ಹೊಡೆದುಹಾಕಿ 30 ಮಾಡಿರುತ್ತಾಳೆ. ಕೆಳಗೆ ‘ಸಾಯಂಕಾಲ ಎರಡು ಸಲ ಬೋಂಡ ಹಾಕಿಸಿಕೊಂಡರು’ ಎಂದು ಸೇರಿಸಿರುತ್ತಾಳೆ. ಮೊದಮೊದಲು ಕೋಪ ಬಂತು. ಸಾಹೇಬರ ಹಸಿರು ಶಾಯಿಯಿಂದ ಪಾರಾಗಿ ಬಂದವನಿಗೆ ಮನೆಯಲ್ಲೂ ತಪಾಸಣೆಯೇ ಎನ್ನಿಸಿತು. ಆಮೇಲೆ ಗಮನಿಸಿದೆ: ಸಾಹೇಬರು ಓದದೆ ಸಹಿ ಹಾಕುತ್ತಿದ್ದರು, ಇವಳು ಓದುತ್ತಾಳೆ, ಸಹಿ ಹಾಕುವುದಿಲ್ಲ. ಬದುಕು ಸಾಕೆನ್ನಿಸಿದ ದಿನ ಬೋಂಡವೂ ರುಚಿಸಿತ್ತು ಎಂಬುದು ನನ್ನ ಬಗ್ಗೆ ನನಗೆ ಗೊತ್ತಿಲ್ಲದ ಸಂಗತಿ. ಬೀಗದ ಡೈರಿಯ ಪ್ರಶ್ನೆಗಳಾವುವೂ ಅದನ್ನು ಕೇಳಿರಲಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮನ್ನು ನೀವು ಹುಡುಕಲು ಡೈರಿ ಬರೆಯಬೇಡಿ. ಹುಡುಕಲು ಕೂತರೆ ಸಿಗುವವನು ಯಾವಾಗಲೂ ಭಾಷಣ ಮಾಡುತ್ತಾನೆ. ಯಾರು ಬಂದರು, ಏನು ಉಂಡಿರಿ, ಮಳೆ ಬಂತೋ ಇಲ್ಲವೋ, ಯಾರ ಮೇಲೆ ಯಾಕೆ ಸಿಟ್ಟು ಬಂತು, ಇಷ್ಟು ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲೂ ಏನನ್ನಿಸಿತೆಂದು ಒಂದೇ ಪದ ಸೇರಿಸಿ. ಸಿಟ್ಟು ತರಿಸಿದವರ ಹೆಸರನ್ನು ಮರೆಯದೆ ಬರೆಯಿರಿ, ಮುಂದೆ ಕ್ಷಮಿಸಬೇಕಾದಾಗ ಬೇಕಾಗುತ್ತದೆ. ಒಂದು ವರ್ಷ ಕಳೆಯುವ ತನಕ ಹಿಂದಿನ ಪುಟ ಮಗುಚಬೇಡಿ. ಬದನೆಕಾಯಿಯ ಬೆಲೆಯನ್ನು ಮಾತ್ರ ನಿಜ ಬರೆಯಿರಿ. ಅಷ್ಟು ಅಭ್ಯಾಸವಾದರೆ ಮಿಕ್ಕದ್ದನ್ನೂ ನಿಜ ಬರೆಯುವುದು ಕಷ್ಟವಲ್ಲ.